ರೇಡಿಯಂ ಅಂಗಡಿಯ ಅಕ್ಷರಗಳು



ನಿಮ್ಮ ಊರಿಗೆ ಹತ್ತಿರದ ಪೇಟೆಯ ಬಸ್ ನಿಲ್ದಾಣವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅದು ಕಾಸರಗೋಡಿನದಾಗಿರಲಿ, ಸೊಲ್ಲಾಪುರದ್ದಾಗಿರಲಿ, ಹೊಸೂರಿನದೋ ಆದೋನಿಯದೋ ಆಗಿರಲಿ, ಅದರ ಆಸುಪಾಸಿನಲ್ಲಿ ಪಂಕ್ಚರ್ ಅಂಗಡಿ, ಸೀಟಿಗೆ ಹೊದಿಕೆ ಹೊಲಿಯುವ ಅಂಗಡಿಗಳ ಸಾಲಿನಲ್ಲಿ ಒಂದು ಕಿರಿದಾದ ಮಳಿಗೆ ಇದ್ದೇ ಇರುತ್ತದೆ. ಗೋಡೆಯ ತುಂಬ ಬಣ್ಣಬಣ್ಣದ ಹಾಳೆಯ ಸುರುಳಿಗಳು. ಗಾಜಿನ ಮೇಲೆ ಹದ್ದು, ಹುಲಿ, ಆಂಜನೇಯ, ಶಿಲುಬೆ, ಚಂದ್ರ ಮತ್ತು ನಕ್ಷತ್ರ. ಬೋರ್ಡನ್ನು ಯಾವ ಭಾಷೆಯಲ್ಲೇ ಬರೆದಿರಲಿ, ಒಂದು ಮಾತು ಮಾತ್ರ ಎಲ್ಲ ಕಡೆಯೂ ಒಂದೇ. ಅದು ‘ರೇಡಿಯಂ’. ಸ್ಕೂಟರಿನ ನಂಬರು ಬೇಕೇ, ಆಟೋದ ಹಿಂದೆ ಮಗಳ ಹೆಸರು ಬೇಕೇ, ಟ್ರ್ಯಾಕ್ಟರಿನ ಮೂತಿಗೆ ಮನೆದೇವರ ಹೆಸರು ಬೇಕೇ, ‘ರೇಡಿಯಂ ಹಾಕಿಸಿಕೊಂಡು ಬಾ’ ಎನ್ನುತ್ತೇವೆ.

ಈ ಕೆಲಸ ಈಗ ಮನೆಯೊಳಕ್ಕೂ ಬಂದಿದೆ. ಹೊಲಿಗೆ ಯಂತ್ರದಷ್ಟೇ ಜಾಗ ಸಾಕು. ಮೇಜಿನ ಮೇಲೆ ಇಟ್ಟುಕೊಂಡು ಬೇಕಾದ ಅಕ್ಷರ, ಬೇಕಾದ ಚಿತ್ರವನ್ನು ಅಂಟುಹಾಳೆಯಲ್ಲಿ ಕತ್ತರಿಸಿಕೊಳ್ಳುವ ಪುಟ್ಟ ಯಂತ್ರಗಳು ಬಂದಿವೆ. ಇವು ಎಲ್ಲಿಂದ ಬಂದವು, ಯಾರ ಕೈ ದಾಟಿ ಬಂದವು, ಮತ್ತು ಗಡಿಯಾಚೆ ಬಾಳುವ ನಮ್ಮ ಕನ್ನಡದ ಅಕ್ಷರಕ್ಕೆ ಇವುಗಳಿಂದ ಏನಾಯಿತು ಎಂಬುದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಆ ಹೆಸರನ್ನೇ ತೆಗೆದುಕೊಳ್ಳೋಣ. ರೇಡಿಯಂ ಒಂದು ಲೋಹ. 1898ರಲ್ಲಿ ಪ್ಯಾರಿಸಿನಲ್ಲಿ ಮೇರಿ ಕ್ಯೂರಿ ಮತ್ತು ಪಿಯರೆ ಕ್ಯೂರಿ ದಂಪತಿ ಅದನ್ನು ಕಂಡುಹಿಡಿದರು. ಅದರ ಒಂದಿಷ್ಟು ಅಂಶವನ್ನು ಸತುವಿನ ಗಂಧಕ ಸಂಯುಕ್ತದ ಪುಡಿಯೊಡನೆ ಬೆರೆಸಿದರೆ ಕತ್ತಲೆಯಲ್ಲಿ ತಾನಾಗಿ ಹೊಳೆಯುವ ಬಣ್ಣವಾಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆ ಬಣ್ಣಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಕಂದಕದೊಳಗಿನ ಸೈನಿಕನಿಗೆ ಇರುಳಿನಲ್ಲೂ ಗಡಿಯಾರ ಕಾಣಬೇಕಲ್ಲ! ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಪಟ್ಟಣದ ಕಾರ್ಖಾನೆಯಲ್ಲಿ ಎಳೆಯ ಹೆಣ್ಣುಮಕ್ಕಳು ಕುಳಿತು ಗಡಿಯಾರದ ಅಂಕೆಗಳಿಗೆ ಈ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಿರಲೆಂದು ಅದನ್ನು ತುಟಿಗಳ ನಡುವೆ ಒತ್ತಿ ತಿರುವಲು ಅವರಿಗೆ ಹೇಳಿಕೊಟ್ಟಿದ್ದರು. ಹಾಗೆ ದಿನವೂ ಒಂದಿಷ್ಟು ರೇಡಿಯಂ ಹೊಟ್ಟೆ ಸೇರಿತು. ಕೆಲವೇ ವರ್ಷಗಳಲ್ಲಿ ಹಲ್ಲು ಉದುರಿ, ದವಡೆಯ ಮೂಳೆ ಕೊಳೆತು, ಹಲವರು ಸತ್ತರು. ಗ್ರೇಸ್ ಫ್ರೈಯರ್ ಎಂಬಾಕೆಯೂ ಇನ್ನು ನಾಲ್ವರೂ ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಕೆಲಸದ ಜಾಗದಲ್ಲಿ ದುಡಿಯುವವರಿಗೆ ರಕ್ಷಣೆ ಬೇಕೆಂಬ ಕಾನೂನುಗಳ ಚರಿತ್ರೆಯಲ್ಲಿ ಈ ಹೆಣ್ಣುಮಕ್ಕಳನ್ನು ಇಂದಿಗೂ ನೆನೆಯುತ್ತಾರೆ.

ನಮ್ಮ ಪೇಟೆಯ ರೇಡಿಯಂ ಅಂಗಡಿಯಲ್ಲಿ ಈ ಲೋಹದ ಒಂದು ಕಣವೂ ಇಲ್ಲ, ಹೆದರಬೇಡಿ. ಅಲ್ಲಿರುವ ಹೊಳೆಯುವ ಹಾಳೆ ತಾನಾಗಿ ಬೆಳಗುವುದೇ ಇಲ್ಲ. ದೀಪವಿಲ್ಲದ ಕೋಣೆಯಲ್ಲಿಟ್ಟರೆ ಅದೂ ಕತ್ತಲೆಯೇ. ಆ ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪಟ್ಟಕದಂತಹ ಅಚ್ಚುಗಳೋ ಇರುತ್ತವೆ. ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅದನ್ನು ಅವು ಹಿಂದಿರುಗಿಸುತ್ತವೆ. ಲಾರಿಯ ದೀಪಕ್ಕೂ ಚಾಲಕನ ಕಣ್ಣಿಗೂ ದೂರ ಬಹಳವಿಲ್ಲವಾದ್ದರಿಂದ ಅವನಿಗೆ ಅಕ್ಷರ ಉರಿಯುವಂತೆ ಕಾಣುತ್ತದೆ; ಪಕ್ಕದಲ್ಲಿ ನಿಂತ ನಿಮಗೆ ಅಷ್ಟು ಕಾಣದು. ಅಮೆರಿಕದ 3ಎಂ ಕಂಪನಿ 1930ರ ದಶಕದ ಕೊನೆಯಲ್ಲಿ ‘ಸ್ಕಾಚ್‌ಲೈಟ್’ ಎಂಬ ಹೆಸರಿನಲ್ಲಿ ಇಂಥ ಹಾಳೆಯನ್ನು ರಸ್ತೆಯ ಫಲಕಗಳಿಗಾಗಿ ತಯಾರಿಸಿತು. ಇರುಳಿನಲ್ಲಿ ಹೊಳೆಯುವುದೆಲ್ಲ ರೇಡಿಯಂ ಎಂದು ಜನ ಆಡಿಕೊಂಡರು. ಆಮೇಲೆ ಹೊಳೆಯದ ಹಾಳೆಗೂ ಅದೇ ಹೆಸರು ಅಂಟಿತು. ಅಂಗಡಿಯ ಕಪ್ಪು ಹಾಳೆಗೂ ಈಗ ರೇಡಿಯಂ ಎನ್ನುತ್ತಾರೆ, ನೋಡಿ!

ಈ ಹಾಳೆಗಳು ಬರುವ ಮೊದಲು ಬೋರ್ಡು ಬರೆಯುವ ಪೇಂಟರುಗಳಿದ್ದರು. ಅವರನ್ನು ನೀವು ಮರೆತಿರಲಾರಿರಿ. ನೂಲಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ತುದಿ ಹಿಡಿದು ಚಿಮ್ಮಿ ಗೆರೆ ಮೂಡಿಸುವುದು. ಎಡಗೈಯ ಕೆಳಗೆ ಕೋಲೊಂದನ್ನು ಆಸರೆಯಾಗಿಟ್ಟು ಎನಾಮೆಲ್ ಬಣ್ಣದಲ್ಲಿ ಒಂದೇ ಎಳೆತಕ್ಕೆ ಅಕ್ಷರದ ಹೊಟ್ಟೆ ತಿರುವುವುದು. ಕೊನೆಗೆ ಮೂಲೆಯಲ್ಲಿ ಸಣ್ಣದಾಗಿ ತಮ್ಮ ‘ಆರ್ಟ್ಸ್’ ಹೆಸರನ್ನು ಬರೆಯುವುದು. ಗಡಿನಾಡಿನ ಪೇಂಟರಿಗೆ ಎರಡು ಮೂರು ಲಿಪಿ ಕೈಗೆ ಒಗ್ಗಿರುತ್ತಿತ್ತು. ಕನ್ನಡ ಮಾತಾಡಲು ಬರದವರೂ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಬರೆದುಬಿಡುತ್ತಿದ್ದರು. ಒತ್ತಕ್ಷರ ತಪ್ಪಾದರೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಮತ್ತೆ ಬರೆದರಾಯಿತು. ಇದನ್ನು ಮುಖ್ಯವಾಗಿ ಗಮನಿಸಬೇಕು: ಆ ಕುಂಚಕ್ಕೆ ಕನ್ನಡವನ್ನು ಯಾರೂ ಬೇರೆಯಾಗಿ ಮಾರಬೇಕಾಗಿರಲಿಲ್ಲ. ಕೈ ತಿರುಗಿದರೆ ಅಕ್ಷರ ಬಂತು.

ಇನ್ನು ಅಂಟಿನ ಕಥೆಗೆ ಬರೋಣ. ಕಾಗದದ ಬೆನ್ನಿಗೆ ಗೋಂದು ಹಚ್ಚಿ ಒಣಗಿಸಿಟ್ಟು, ಬೇಕಾದಾಗ ಒದ್ದೆ ಮಾಡಿ ಅಂಟಿಸುವ ಉಪಾಯ ಹಳೆಯದು. 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಜಗತ್ತಿನ ಮೊದಲ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ಗೂ ಬೆನ್ನಿಗೆ ಗೋಂದಿತ್ತು. ಆದರೆ ನೀರೂ ನಾಲಿಗೆಯೂ ಬೇಡದ, ಒತ್ತಿದರೆ ಹಿಡಿಯುವ, ಎಳೆದರೆ ಬಿಡುವ ಅಂಟುಚೀಟಿ ಹುಟ್ಟಿದ್ದು ಸುಮಾರು 95 ವರ್ಷಗಳ ನಂತರ, ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ, ಹೂವಿನ ಅಂಗಡಿಯೊಂದರ ಅಟ್ಟದ ಮೇಲೆ.

ಅಲ್ಲಿದ್ದಾತ ಆರ್. ಸ್ಟಾಂಟನ್ ಏವರಿ. ಹುಟ್ಟಿದ್ದು 1907ರಲ್ಲಿ. ಕಾಲೇಜಿನಲ್ಲಿ ಓದುವಾಗ ಬಾಡಿಗೆಗೆ ಹಿಡಿದ ಕೋಳಿಗೂಡಿನಲ್ಲಿ ವಾಸ ಮಾಡಿದವನು ಎಂದರೆ ಅವನ ಬಡತನ ನಿಮಗೆ ಅಂದಾಜಾದೀತು. 1935ನೆಯ ಇಸವಿ, ಅಮೆರಿಕ ಇನ್ನೂ ಮಹಾಕುಸಿತದ ಹೊಡೆತದಿಂದ ಎದ್ದಿರಲಿಲ್ಲ. ಮದುವೆಯಾಗಬೇಕಿದ್ದ ಹುಡುಗಿ ಡೊರೊತಿ ಡರ್ಫಿ ಶಾಲೆಯ ಉಪಾಧ್ಯಾಯಿನಿ. ಆಕೆ ಕೊಟ್ಟ 100 ಡಾಲರ್ ಸಾಲವೇ ಅವನ ಬಂಡವಾಳ. ಬಟ್ಟೆ ಒಗೆಯುವ ಯಂತ್ರದ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗಗಳು, ಬಡಗಿಯ ಗರಗಸ ಯಂತ್ರದ ತುಂಡುಗಳು, ಇವನ್ನೆಲ್ಲ ಜೋಡಿಸಿ ಅವನು ಚೀಟಿ ಕತ್ತರಿಸುವ ಯಂತ್ರ ಮಾಡಿದ. ಹಳೆಯ ಸಾಮಾನು, ಉಡುಗೊರೆ ಮಾರುವ ಅಂಗಡಿಯವರಿಗೆ ಬೆಲೆಚೀಟಿ ಬೇಕಿತ್ತು. ಆದರೆ ಕಿತ್ತಾಗ ಕಲೆ ಉಳಿಯಬಾರದು. ಅಂಥ ಚೀಟಿಯನ್ನು ಮಾಡಿಕೊಟ್ಟು, ತನ್ನ ಕಂಪನಿಗೆ ‘ಕಮ್ ಕ್ಲೀನ್’ ಎಂದು ಹೆಸರಿಟ್ಟ. ಕಲೆಯಿಲ್ಲದೆ ಎದ್ದುಬರುವುದು ಎಂದು ಅದರ ಅರ್ಥ.

ಏವರಿಯ ಜಾಣ್ಮೆ ಅಂಟಿನಲ್ಲಷ್ಟೇ ಇರಲಿಲ್ಲ. ಒತ್ತಿದರೆ ಅಂಟುವ ಪಟ್ಟಿಯನ್ನು 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲೇ ಮಾಡಿದ್ದ. 1930ರಲ್ಲಿ ಪಾರದರ್ಶಕ ಟೇಪನ್ನೂ ತಂದಿದ್ದ. ಏವರಿ ಮಾಡಿದ್ದು, ಅಂಟಿನ ಚೀಟಿಯನ್ನು ನುಣುಪಾದ ಹಿಂಬದಿ ಕಾಗದದ ಮೇಲೆ ಕೂರಿಸಿ, ಮೇಲಿನ ಪದರವನ್ನು ಮಾತ್ರ ಕತ್ತರಿಸಿ ಕೆಳಗಿನ ಕಾಗದವನ್ನು ಹಾಗೆಯೇ ಉಳಿಸುವ ಕೆಲಸ. ಹಲಸಿನ ಸಿಪ್ಪೆಗೆ ಚಾಕು ಹಾಕುವಾಗ ತೊಳೆಗೆ ತಾಗದಂತೆ ಕೈ ಬಿಗಿ ಹಿಡಿಯುತ್ತೇವಲ್ಲ, ಆ ಹದ. ಇಂದು ನಿಮ್ಮ ಪೇಟೆಯ ರೇಡಿಯಂ ಯಂತ್ರವೂ ಮನೆಯ ಮೇಜಿನ ಮೇಲಿನ ಯಂತ್ರವೂ ಆ ಹದವನ್ನೇ ನಂಬಿ ನಿಂತಿವೆ. ಆ ಹೆಸರು ಈಗ ಏವರಿ ಡೆನಿಸನ್ ಎಂಬ ದೊಡ್ಡ ಕಂಪನಿಯಲ್ಲಿ ಉಳಿದಿದೆ. ಏವರಿ ತೀರಿಕೊಂಡದ್ದು 1997ರಲ್ಲಿ. ಆ 100 ಡಾಲರ್ ಕೊಟ್ಟಾಕೆಯ ಹೆಸರನ್ನು ಹೇಳುವವರು ಕಡಿಮೆ. ಅದಕ್ಕೆಂದೇ ನಾನು ಹೇಳಿದೆ.

ಹಾಳೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಕಾಗದ ಮಳೆಗೆ ನಿಲ್ಲದು. ಮಳೆ ಬಿಸಿಲಿಗೆ ನಿಂತದ್ದು ವಿನೈಲ್, ಅಂದರೆ ಪಿವಿಸಿ. ನಿಮ್ಮ ಹೊಲದ ನೀರಿನ ಪೈಪಿನ ಸೋದರ. ಪೈಪು ಗಟ್ಟಿ, ಇದು ಮೆದು. ಅದನ್ನು ಹೀಗೆ ಮೆದುಗೊಳಿಸುವ ದಾರಿಯನ್ನು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಕಂಡುಕೊಂಡ.

ಈಗ ಚಾಕು. ಚಾಕು ಹಿಡಿದ ಯಂತ್ರದ ಹಿಂದೆ ಒಬ್ಬ ನಿರಾಶ್ರಿತ ಹುಡುಗನ ಬದುಕಿದೆ. ಜೋಸೆಫ್ ಗರ್ಬರ್ ಹುಟ್ಟಿದ್ದು 1924ರಲ್ಲಿ, ವಿಯೆನ್ನಾ ನಗರದ ಯಹೂದಿ ಕುಟುಂಬದಲ್ಲಿ. ನಾಜಿಗಳು ಆಸ್ಟ್ರಿಯವನ್ನು ಹಿಡಿದಾಗ ಶಿಬಿರವಾಸ ಅನುಭವಿಸಿ, 1940ರಲ್ಲಿ ತಾಯಿಯೊಡನೆ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದ. ತಂದೆ ಬದುಕಿ ಬರಲಿಲ್ಲ. ಹೊಸ ದೇಶ, ಹೊಸ ಭಾಷೆ. ಎಂಜಿನಿಯರಿಂಗ್ ಓದುವಾಗ ಲೆಕ್ಕವೊಂದನ್ನು ಬಿಡಿಸಲು ಮತ್ತೆ ಮತ್ತೆ ಅಳತೆ ಬದಲಿಸಬೇಕಾಗಿ ಬಂದು, ಬೇಸತ್ತು, ತನ್ನ ಪೈಜಾಮದ ಸೊಂಟದ ಎಲಾಸ್ಟಿಕ್ಕನ್ನು ಕಿತ್ತು ಅದರ ಮೇಲೆ ಗೀಟು ಹಾಕಿದ. ಎಳೆದಂತೆ ಗೀಟುಗಳ ನಡುವಿನ ಅಂತರ ಸಮನಾಗಿ ಹಿಗ್ಗಿತು! ಆ ಹಿಗ್ಗುವ ಅಳತೆಪಟ್ಟಿಯನ್ನೇ ಉಪಕರಣವಾಗಿ ಮಾಡಿ 1948ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಕಂಪನಿ ತೆರೆದ. ನಂತರ ಕಂಪ್ಯೂಟರ್ ಹೇಳಿದಂತೆ ನಕ್ಷೆ ಬರೆಯುವ ಯಂತ್ರಗಳು ಬಂದವು. 1969ರಲ್ಲಿ, ಅಟ್ಟಿಯಾಗಿ ಪೇರಿಸಿದ ಬಟ್ಟೆಯನ್ನು ಕಂಪ್ಯೂಟರ್ ಹೇಳಿದ ಗೆರೆಯಲ್ಲಿ ಕತ್ತರಿಸುವ ಯಂತ್ರವೂ ಬಂತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಕತ್ತರಿ ಹಿಡಿದು ನಿಂತವರ ಕೆಲಸವನ್ನೇ ಅದು ಬದಲಿಸಿತು.

ಗೆರೆ ಎಳೆಯುವ ಯಂತ್ರಕ್ಕೆ ‘ಪ್ಲಾಟರ್’ ಎನ್ನುತ್ತಾರೆ. ಒಂದು ಪೆನ್ನು, ಅದನ್ನು ಅಡ್ಡಕ್ಕೆ ಒಯ್ಯುವ ಗಾಡಿ, ಕಾಗದವನ್ನು ಹಿಂದೆ ಮುಂದೆ ಉರುಳಿಸುವ ರೂಳು. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1970ರ ದಶಕದಲ್ಲಿ ಇದಕ್ಕೆಂದು ಒಂದು ಸಣ್ಣ ಆಜ್ಞಾಭಾಷೆಯನ್ನು ರೂಪಿಸಿತು. ‘ಪಿಯು’ ಎಂದರೆ ಪೆನ್ನು ಮೇಲೆ, ‘ಪಿಡಿ’ ಎಂದರೆ ಪೆನ್ನು ಕೆಳಗೆ, ಆಮೇಲೆ ಹೋಗಬೇಕಾದ ಜಾಗದ ಎರಡು ಅಂಕೆ. ಅಷ್ಟೇ. ಈ ಯಂತ್ರದಲ್ಲಿ ಪೆನ್ನಿನ ಜಾಗಕ್ಕೆ ಚಾಕು ಬಂದರೆ ಸ್ಟಿಕ್ಕರ್ ಕತ್ತರಿಸುವ ಯಂತ್ರವಾಯಿತು. ಇಂದಿಗೂ ಅನೇಕ ಕತ್ತರಿಸುವ ಯಂತ್ರಗಳು ಇದೇ ಆಜ್ಞೆಗಳನ್ನು ಪಾಲಿಸುತ್ತವೆ. ಚಾಕುವಿನ ಮೊನೆ ಮಾತ್ರ ಹಿಡಿಕೆಯ ನಡುವೆ ಇರುವುದಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ ಇರುತ್ತದೆ. ಆಸ್ಪತ್ರೆಯ ಗಾಲಿಮಂಚದ ಪುಟ್ಟ ಚಕ್ರ, ತಳ್ಳಿದ ಕಡೆಗೆ ತಾನೇ ತಿರುಗಿಕೊಳ್ಳುತ್ತದಲ್ಲ, ಹಾಗೆ ಇದೂ ಎಳೆದ ಕಡೆಗೆ ಬಾಯಿ ತಿರುಗಿಸಿಕೊಳ್ಳುತ್ತದೆ.

1980ರ ದಶಕದ ಮೊದಲ ವರ್ಷಗಳಲ್ಲಿ ಗರ್ಬರನ ಕಂಪನಿ ‘ಸೈನ್‌ಮೇಕರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕೀಲಿಮಣೆಯಲ್ಲಿ ಹೆಸರು ಒತ್ತಿದರೆ ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಹೊರಬರುತ್ತಿತ್ತು. ದಿನವಿಡೀ ಹಿಡಿಯುತ್ತಿದ್ದ ಬೋರ್ಡು ಗಂಟೆಯೊಳಗೆ ಸಿದ್ಧ! ಅಮೆರಿಕದ ಪೇಂಟರುಗಳು ಕಂಗಾಲಾದರು. ಆದರೆ ನನ್ನ ಗಮನ ಇರುವುದು ಇನ್ನೊಂದು ಸಂಗತಿಯ ಮೇಲೆ. ಆ ಯಂತ್ರಕ್ಕೆ ಅಕ್ಷರಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಒಂದೊಂದು ಅಕ್ಷರಶೈಲಿಯೂ ಒಂದೊಂದು ‘ಕಾರ್ಟ್ರಿಡ್ಜ್’, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಇರುವ ಅಕ್ಷರವನ್ನು ಯಂತ್ರ ಕತ್ತರಿಸುತ್ತದೆ, ಇಲ್ಲದ್ದನ್ನು ಬರಿಯ ಕೀಲಿಮಣೆ ಒತ್ತಿ ಪಡೆಯಲಾಗದು. ಚಾಕುವಿಗೆ ಭಾಷೆಯಿಲ್ಲ, ‘ಕ’ ಆದರೇನು, ‘ಕೆ’ ಎಂಬ ಇಂಗ್ಲಿಷ್ ಅಕ್ಷರವಾದರೇನು, ಅದಕ್ಕೆ ಎರಡೂ ಗೆರೆಯೇ. ಭಾಷೆ ಇರುವುದು ಪೆಟ್ಟಿಗೆಗೆ. ಪೇಂಟರನ ಕೈಯಲ್ಲಿದ್ದ ಅಕ್ಷರ ಇಲ್ಲಿಂದ ಮುಂದೆ ಅಂಗಡಿಯ ಸರಕಾಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಇದೇ ಕಥೆ ಇನ್ನೆರಡು ಸಲ ಬರಲಿದೆ.

ಜಪಾನಿನ ರೋಲ್ಯಾಂಡ್, ಗ್ರಾಫ್‌ಟೆಕ್, ಮಿಮಾಕಿ ಕಂಪನಿಗಳ ಯಂತ್ರಗಳೂ ನಂತರ ಚೀನಾದ ಅಗ್ಗದ ಯಂತ್ರಗಳೂ ನಮ್ಮ ದೇಶಕ್ಕೆ ಬಂದವು. ಇವಕ್ಕೆ ಪೆಟ್ಟಿಗೆ ಬೇಡ. ಪಕ್ಕದ ಕಂಪ್ಯೂಟರಿನಲ್ಲಿ, ಸಾಮಾನ್ಯವಾಗಿ ಕೋರೆಲ್ ಡ್ರಾ ತಂತ್ರಾಂಶದಲ್ಲಿ, ಏನು ಬರೆದರೂ ಕತ್ತರಿಸುತ್ತವೆ. ಹಾಗಾದರೆ ಕನ್ನಡಕ್ಕೆ ತೊಂದರೆ ತಪ್ಪಿತೇ? ತಪ್ಪಲಿಲ್ಲ. ಅಕ್ಷರದ ಪೆಟ್ಟಿಗೆ ಯಂತ್ರದಿಂದ ಕಂಪ್ಯೂಟರಿಗೆ ಜಾಗ ಬದಲಿಸಿತು, ಅಷ್ಟೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸಿ-ಡ್ಯಾಕ್‌ನ ಐಎಸ್‌ಎಂ, ಇಂಥ ತಂತ್ರಾಂಶಗಳನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಬೆಂಗಳೂರಿನ ಅಂಗಡಿಯವನು ಕನ್ನಡಕ್ಕೆ ಹಣ ಹಾಕುತ್ತಾನೆ, ಸರಿ. ಮಲಯಾಳದ ಬೋರ್ಡು ದಿನಕ್ಕೆ ಹತ್ತು ಬರುವ, ಕನ್ನಡದ್ದು ವಾರಕ್ಕೆ ಒಂದು ಬರುವ ಕಡೆ ಅಂಗಡಿಯವನು ಯಾವುದಕ್ಕೆ ಹಣ ಹಾಕಿಯಾನು? ಅವನನ್ನು ದೂರುವಂತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಇದೇ ಲೆಕ್ಕ ಮರಾಠಿಯ ಪರವಾಗಿ ಬರುತ್ತದೆ. ಹೊಸೂರು, ತಾಳವಾಡಿಯಲ್ಲಿ ತಮಿಳಿನ ಪರವಾಗಿ. ಆಂಧ್ರದ ಗಡಿಯಲ್ಲಿ ಇನ್ನೊಂದು ವಿಚಿತ್ರ. ತೆಲುಗು ಮತ್ತು ಕನ್ನಡ ಲಿಪಿಗಳು ಒಂದೇ ತಾಯಿಯ ಮಕ್ಕಳಾದ್ದರಿಂದ ತೆಲುಗಿನ ಅಕ್ಷರದಲ್ಲೇ ಕನ್ನಡದ ಹೆಸರನ್ನು ಹೇಗೋ ಹೊಂದಿಸಿಬಿಡಬಹುದು. ತಲೆಕಟ್ಟು ಬೇರೆ, ಕೆಲವು ಅಕ್ಷರಗಳ ಮೈಯೂ ಬೇರೆ, ಆದರೂ ಎರಡೂ ಬಲ್ಲವರು ಓದಿಕೊಳ್ಳುತ್ತಾರೆ. ಬೋರ್ಡು ಕನ್ನಡದ್ದೋ ತೆಲುಗಿನದೋ ಎಂದು ಕೇಳಿದರೆ ಮಾತ್ರ ಉತ್ತರ ಹೇಳುವುದು ಕಷ್ಟ.

ಆ ಕಾಲದ ಅಕ್ಷರಗಳಿಗೆ ಮತ್ತೊಂದು ರೋಗವಿತ್ತು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ‘ಎ’ ಇರಬೇಕಾದಲ್ಲಿ ಒಂದು ಕೊಂಬು, ‘ಬಿ’ ಇರಬೇಕಾದಲ್ಲಿ ಒಂದು ತಲೆಕಟ್ಟು, ಹೀಗೆ. ನೀವು ಊರಲ್ಲಿ ಕನ್ನಡದಲ್ಲಿ ಮದುವೆಯ ಫಲಕ ಬರೆಸಿ ಪೇಟೆಯ ಅಂಗಡಿಗೆ ಒಯ್ದರೆ, ಅಲ್ಲಿನ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡುತ್ತಿದ್ದವು. ನಿಮ್ಮಲ್ಲಿ ಹಲವರು ಅದನ್ನು ಕಣ್ಣಾರೆ ಕಂಡಿರಬೇಕು.

ಬಾಗಿಲು ತೆರೆದದ್ದು ನಿಧಾನವಾಗಿ. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಒಪ್ಪಂದದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆಗಳು ಸಿಕ್ಕಿದ್ದವು. ಆದರೆ ಅದನ್ನು ಬಳಸುವ ಕಂಪ್ಯೂಟರುಗಳು ಬರಲು ಹತ್ತು ವರ್ಷ ಬೇಕಾಯಿತು. ಅಷ್ಟರೊಳಗೆ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಉಚಿತವಾಗಿ ಹೊರಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕನ್ನಡದ ಅಕ್ಷರವನ್ನು ಬೆಲೆ ಕೊಡದೆ ಪಡೆಯುವುದು ಸಾಧ್ಯವಾಯಿತು. ಕರ್ನಾಟಕದ ಒಳಗಿನವರಿಗೆ ಇದು ಅನುಕೂಲ. ಗಡಿಯಾಚೆಯವರಿಗೆ ಅನುಕೂಲಕ್ಕಿಂತ ಹೆಚ್ಚು. ಏಕೆಂದರೆ ಲಾಭ ನಷ್ಟದ ಲೆಕ್ಕ ನೋಡುವ ಅಂಗಡಿಯವನನ್ನು ಕೇಳುವ ಬದಲು, ಅಕ್ಷರವನ್ನು ನಾವೇ ಅವನ ಕೈಗೆ ಕೊಡಬಹುದಾಯಿತು. ಇಂದು ‘ನೋಟೊ’ದಂಥ ಯೂನಿಕೋಡ್ ಅಕ್ಷರಗಳು ಯಾರಿಗೆ ಬೇಕಾದರೂ ಉಚಿತ.

ಪೇಟೆಯ ಅಂಗಡಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಬೇರೆ ದಿಕ್ಕಿನಿಂದ. ವಾಹನದ ನೋಂದಣಿ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕೆಗಳಲ್ಲೇ ಬರೆಯಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮ. ಆದ್ದರಿಂದ ಅಂಗಡಿಯ ದಿನದ ಗಂಜಿ ನಂಬರು ಪ್ಲೇಟಿನಿಂದ, ಅಂದರೆ ಇಂಗ್ಲಿಷಿನಿಂದ ನಡೆಯುತ್ತಿತ್ತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಕಡ್ಡಾಯವಾಗಿ, ಅದು ಉಬ್ಬಚ್ಚಿನ ಅಲ್ಯೂಮಿನಿಯಂ ತಗಡಾಗಿ ಕಂಪನಿಯಿಂದಲೇ ಬರತೊಡಗಿತು. ಅಂಗಡಿಯವನಿಗೆ ಉಳಿದದ್ದು ಮನೆಯ ಹೆಸರು, ದೇವರ ಹೆಸರು, ಮಕ್ಕಳ ಹೆಸರು, ಅಂಗಡಿಯ ಗಾಜಿನ ಬರಹ. ಇವೆಲ್ಲ ಜನ ತಮ್ಮ ಭಾಷೆಯಲ್ಲಿ ಬಯಸುವ ಮಾತುಗಳು. ಕಷ್ಟಕಾಲದಲ್ಲೂ ಇದೊಂದು ಸಂದರ್ಭವೆಂದೇ ನನಗೆ ತೋರುತ್ತದೆ.

ಇನ್ನು ಮನೆಯ ಯಂತ್ರ. ಅಮೆರಿಕದ ಯೂಟಾ ರಾಜ್ಯದಲ್ಲಿ ಮನೆಮಂದಿಯ ಭಾವಚಿತ್ರಗಳನ್ನು ಪುಸ್ತಕಕ್ಕೆ ಅಂಟಿಸಿ ಸುತ್ತ ಬಣ್ಣದ ಕಾಗದದ ಅಲಂಕಾರ ಮಾಡುವ ಹವ್ಯಾಸ ಬಹಳ. ಅಲ್ಲಿನ ಪ್ರೊವೊ ಕ್ರಾಫ್ಟ್ ಕಂಪನಿ 2006ರ ಸುಮಾರಿಗೆ ಅಂಥ ಗೃಹಿಣಿಯರಿಗಾಗಿ ಒಂದು ಪುಟ್ಟ ಕತ್ತರಿಸುವ ಯಂತ್ರ ತಂದಿತು. ಅದರ ಹೆಸರು ‘ಕ್ರಿಕಟ್’. ನಮ್ಮ ಹುಡುಗರ ಆಟದ ಹೆಸರಿನಂತೆಯೇ ಉಚ್ಚಾರ. ಅದಕ್ಕೂ ಏನು ಬೇಕಿತ್ತು ಗೊತ್ತೇ? ಅದೇ ಕಾರ್ಟ್ರಿಡ್ಜ್! ಅಕ್ಷರ, ಹೂವು, ಚಿಟ್ಟೆ, ಎಲ್ಲವೂ ಪೆಟ್ಟಿಗೆಯಲ್ಲಿ ಬೆಲೆಗೆ. ಬೇರೆಯವರು ಬರೆದ ತಂತ್ರಾಂಶಗಳ ಮೂಲಕ ತಮ್ಮದೇ ಚಿತ್ರವನ್ನು ಯಂತ್ರಕ್ಕೆ ಕೊಡುವ ದಾರಿಯನ್ನು ಜನ ಹುಡುಕಿಕೊಂಡಾಗ ಕಂಪನಿ ಆ ತಂತ್ರಾಂಶದವರ ಮೇಲೆ ನ್ಯಾಯಾಲಯಕ್ಕೆ ಹೋಯಿತು. ಮುಂದೆ ಪೆಟ್ಟಿಗೆಗಳ ಕಾಲ ಮುಗಿದು, ಇಂಟರ್ನೆಟ್ಟಿನ ಮೂಲಕ ಚಿತ್ರ ಕಳಿಸುವ ಏರ್ಪಾಡಾಯಿತು. 2021ರ ಮಾರ್ಚಿನಲ್ಲಿ ಅದೇ ಕಂಪನಿ, ತಿಂಗಳ ಚಂದಾ ಕೊಡದವರು ತಿಂಗಳಿಗೆ 20ಕ್ಕಿಂತ ಹೆಚ್ಚು ಸ್ವಂತ ಚಿತ್ರ ಹಾಕುವಂತಿಲ್ಲ ಎಂದು ಸಾರಿತು. ಹಣ ಕೊಟ್ಟು ಕೊಂಡ ಯಂತ್ರ, ಆದರೆ ಅದಕ್ಕೆ ಏನು ಉಣಿಸಬೇಕೆಂಬುದು ಮಾರಿದವರ ಮರ್ಜಿ! ಜನ ರೊಚ್ಚಿಗೆದ್ದರು, ಕೆಲವೇ ದಿನಗಳಲ್ಲಿ ಕಂಪನಿ ಆ ಮಾತನ್ನು ಹಿಂತೆಗೆದುಕೊಂಡಿತು.

ದೂರದ ಅಮೆರಿಕದ ಈ ಜಗಳ ನಮಗೇಕೆ ಎನ್ನಬೇಡಿ. ಅಲ್ಲಿನವರಿಗೆ ಸ್ವಂತ ಚಿತ್ರ ಎಂದರೆ ಒಂದು ಹೂವೋ ನಾಯಿಮರಿಯೋ. ಕಂಪನಿಯ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳು ಇದ್ದೇ ಇವೆ. ನಮಗಾದರೆ ಒಂದೊಂದು ಕನ್ನಡದ ಪದವೂ ಹೊರಗಿನಿಂದ ತಂದ ಸ್ವಂತ ಚಿತ್ರವಾಗಬಹುದು. ಆದ್ದರಿಂದ ನಿಮ್ಮಲ್ಲಿ ಯಾರಾದರೂ, ಮನೆಯಲ್ಲಿ ಕುಳಿತು ನಾಲ್ಕು ಕಾಸು ದುಡಿಯಬೇಕೆನ್ನುವ ತಂಗಿಯೋ ಓದು ಮುಗಿಸಿದ ತಮ್ಮನೋ, ಇಂಥ ಯಂತ್ರ ಕೊಳ್ಳುವುದಾದರೆ ಬೆಲೆ ಕೇಳುವ ಮೊದಲು ಈ ಪ್ರಶ್ನೆ ಕೇಳಿ: ‘ಬೇರೆ ತಂತ್ರಾಂಶದಲ್ಲಿ ಮಾಡಿದ ಚಿತ್ರವನ್ನು ಇದು ತಡೆಯಿಲ್ಲದೆ ತೆಗೆದುಕೊಳ್ಳುತ್ತದೆಯೇ? ಇಂಟರ್ನೆಟ್ ಇಲ್ಲದಾಗಲೂ ಕತ್ತರಿಸುತ್ತದೆಯೇ?’

ಇನ್ನು ಕನ್ನಡವನ್ನು ಕತ್ತರಿಸುವ ಬಗೆ. ತಾಳೆಗರಿಯ ಮೇಲೆ ಉಕ್ಕಿನ ಕಂಟದಿಂದ ನೇರ ಗೆರೆ ಗೀಚಿದರೆ ಗರಿ ಸೀಳುವುದೆಂದು ನಮ್ಮ ಅಕ್ಷರಗಳು ದುಂಡಾದವು ಎಂದು ಹೇಳುವ ವಾಡಿಕೆಯುಂಟು. ಆ ದುಂಡು ಈ ಚಾಕುವಿಗೂ ಹಿತ. ದೇವನಾಗರಿಯ ತಲೆಗೆರೆಯ ಮೂಲೆಗಳಲ್ಲಿ ಚಾಕು ನಿಂತು ಬಾಯಿ ತಿರುಗಿಸಿಕೊಳ್ಳಬೇಕು. ನಮ್ಮ ‘ರ’, ‘ಠ’, ‘ಲ’ಗಳಲ್ಲಿ ಅದು ತೊಟ್ಟಿಲಂತೆ ಸರಾಗವಾಗಿ ತೂಗುತ್ತದೆ. ತೊಡಕು ಬರುವುದು ಬೇರೆ ಕಡೆ. ಕಂಪ್ಯೂಟರಿನೊಳಗೆ ಕನ್ನಡದ ಅಕ್ಷರ ಹಲವು ತುಂಡುಗಳಿಂದ ಕೂಡಿದ್ದು, ಒಂದರ ಮೇಲೊಂದು ಹತ್ತಿ ಕೂತಿರಬಹುದು. ತೆರೆಯ ಮೇಲೆ ಅದು ಕಾಣುವುದಿಲ್ಲ. ಚಾಕುವಾದರೆ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ; ತಲೆಕಟ್ಟು ಒಂದು ಕಡೆ, ಮೈ ಒಂದು ಕಡೆ ಬೇರ್ಪಡುತ್ತವೆ. ಅದಕ್ಕೆ ಮೊದಲು ಅಕ್ಷರವನ್ನು ಗೆರೆಯ ರೂಪಕ್ಕೆ ತಿರುಗಿಸಿ, ತುಂಡುಗಳನ್ನು ಬೆಸೆಯಬೇಕು. 2003ರಿಂದ ದೊರೆಯುತ್ತಿರುವ ‘ಇಂಕ್‌ಸ್ಕೇಪ್’ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಬರೆದು, ಅಲ್ಲಿಯೇ ಬೆಸೆದುಕೊಳ್ಳಬಹುದು.

ಎರಡನೆಯ ತೊಡಕು ಒತ್ತಕ್ಷರ. ‘ಅಕ್ಕಲಕೋಟೆ’ ಎಂದು ಕತ್ತರಿಸಿ ನೋಡಿ. ಕ ಒತ್ತು ತಾಯಿಯಿಂದ ಬೇರೆಯಾಗಿ ಕೆಳಗೆ ನಿಂತಿರುತ್ತದೆ, ‘ಕೋ’ದ ದೀರ್ಘವೂ ಹಾಗೆಯೇ. ‘ಸೊಲ್ಲಾಪುರ’ದ ಲ ಒತ್ತು, ‘ರಾಯದುರ್ಗ’ದ ಅರ್ಕಾವೊತ್ತು ಎಲ್ಲವೂ ಬಿಡಿ ಮಕ್ಕಳು. ಕತ್ತರಿಸಿದ ಮೇಲೆ ಸುತ್ತಲಿನ ಬೇಡದ ಹಾಳೆಯನ್ನು ಎಳೆದು ತೆಗೆಯುತ್ತೇವೆ. ಆಗ ಈ ಸಣ್ಣವು ಅದರೊಡನೆಯೇ ಎದ್ದು ಹೋಗುತ್ತವೆ, ಕಸದಬುಟ್ಟಿ ಸೇರುತ್ತವೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಹಾಪ್ರಾಣದ ಕೆಳಗಿನ ಪುಟ್ಟ ಗೀಟಿಗೆ. ಅದೊಂದು ಹಾರಿಹೋದರೆ ‘ಧನಲಕ್ಷ್ಮಿ ಸ್ಟೋರ್ಸ್’ ಎಂಬುದು ‘ದನಲಕ್ಷ್ಮಿ’ಯಾಗಿ ಗಾಜಿನ ಮೇಲೆ ಕೂರುತ್ತದೆ. ಕನ್ನಡ ಓದಲು ಬಾರದವನು ಅಂಟಿಸುತ್ತಿದ್ದರೆ ಅವನಿಗೆ ಅದು ತಿಳಿಯುವ ಬಗೆಯಿಲ್ಲ. ಪೇಂಟರನ ಸೀಮೆಎಣ್ಣೆಯ ಬಟ್ಟೆಯೂ ಇಲ್ಲಿಲ್ಲ. ಕನ್ನಡದ ಮನೆಯಲ್ಲಿ, ಓದಬಲ್ಲವರ ಕೈಯಲ್ಲೇ ಈ ಕೆಲಸ ನಡೆದರೆ ಆಗುವ ಲಾಭ ಇದು.

ಬೇಡದ ಹಾಳೆಯನ್ನು ಮೇಲಕ್ಕೆ ಎತ್ತಬೇಡಿ. ಅದನ್ನು ಹಿಂದಕ್ಕೆ ಮಡಚಿದಂತೆ ತಗ್ಗಾಗಿ, ಅಕ್ಷರದ ಮೂಲೆಯಿಂದ ಓರೆಯಾಗಿ, ಮೆಲ್ಲಗೆ ಎಳೆಯಿರಿ. ‘ರ’ದ, ‘ಠ’ದ ಹೊಟ್ಟೆಯೊಳಗಿನ ಚೂರನ್ನು ಸೂಜಿಯ ಮೊನೆಯಿಂದ ತೆಗೆಯಿರಿ. ಒತ್ತುಗಳನ್ನು ಎಣಿಸಿ. ಆಮೇಲೆ ಮೇಲ್ಗಡೆಗೆ ಟ್ರಾನ್ಸ್‌ಫರ್ ಟೇಪ್ ಒತ್ತಿ, ಇಡೀ ಪದವನ್ನು ಒಂದಾಗಿ ಎಬ್ಬಿಸಿ, ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿದ ಗಾಜು ಅಥವಾ ತಗಡಿನ ಮೇಲೆ ಇಟ್ಟು ನಡುವಿನಿಂದ ಅಂಚಿಗೆ ತಿಕ್ಕಿ. ಸುಣ್ಣದ ಗೋಡೆಗೆ ಇದು ಹಿಡಿಯುವುದಿಲ್ಲ. ಮಳೆಗಾಲದಲ್ಲಂತೂ ಕಾಸರಗೋಡು, ವಯನಾಡಿನ ಕಡೆಯವರು ಗೋಡೆಯ ಆಸೆ ಬಿಟ್ಟು ಬಾಗಿಲಿನ ಮೇಲಿನ ಗಾಜಿಗೇ ಅಂಟಿಸಿಕೊಳ್ಳಿ.